ಸಬ್ಮಿಟ್ ಒತ್ತಿದ ಮೇಲೆ

ನಮ್ಮ ಡೊಂಬಿವಲಿಯ ಕಟ್ಟಡದಲ್ಲಿ ಮಕ್ಕಳು ನನಗೆ ಇಟ್ಟಿರುವ ಹೆಸರು 'ಫಾರ್ಮ್ ಆಂಟಿ'. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ಹೆಂಗಸು, ಮನೆಯಲ್ಲೇ ಇರುತ್ತಾಳೆ, ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರಗಳನ್ನೆಲ್ಲ ಓದುತ್ತಾಳೆ ಎಂಬ ಒಂದೇ ಕಾರಣಕ್ಕೆ ಕಾಲೇಜು ಪ್ರವೇಶದಿಂದ ಹಿಡಿದು ಗ್ಯಾಸ್ ಸಬ್ಸಿಡಿಯವರೆಗೆ ಎಲ್ಲ ಅರ್ಜಿಗಳೂ ನನ್ನ ಊಟದ ಮೇಜಿಗೆ ಬರುತ್ತವೆ. ನನಗೂ ಇದು ಇಷ್ಟವೇ. ಷೇಕ್ಸ್‌ಪಿಯರ್ ಓದಿದ್ದು ಬೇರೆ ಯಾವುದಕ್ಕೂ ಬರಲಿಲ್ಲ, ಇದಕ್ಕಾದರೂ ಬಂತಲ್ಲ ಎಂದು ಒಳಗೊಳಗೇ ಜಂಬವೂ ಇತ್ತು. ಆ ಜಂಬ ಇಳಿದ ಕಥೆಯನ್ನೇ ಈ ಸಲ ಬರೆಯುತ್ತಿದ್ದೇನೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ವಯಸ್ಸಿನ ಮಕ್ಕಳು ಓದಲಿ. ಕನ್ನಡ ಓದಲು ತಡವರಿಸುವವರಿದ್ದರೆ ಅವರ ಅಮ್ಮಂದಿರು ಓದಿ ಹೇಳಲಿ.

2023ರಲ್ಲಿ ನಮ್ಮ ಮೇಲಿನ ಮಹಡಿಯ ಹುಡುಗಿ ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದು ಬಿ.ಕಾಂ.ಗೆ ಸೇರಿದಳು. ತಂದೆ ತುಮಕೂರು ಕಡೆಯವರು, ಭಿವಂಡಿಯ ಗೋದಾಮೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಕೇಂದ್ರ ಶಿಕ್ಷಣ ಸಚಿವಾಲಯದ್ದೊಂದು ವಿದ್ಯಾರ್ಥಿವೇತನವಿದೆ, ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಬೋರ್ಡಿನ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು, ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಅರ್ಜಿ ಹಾಕಬಹುದು. ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆ ಕೊಡುತ್ತಾರೆ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಪದವಿಯ ಮೊದಲ ಮೂರು ವರ್ಷ ತಲಾ 12,000 ರೂಪಾಯಿ. ಆದರೆ ಒಂದು ಕಟ್ಟುನಿಟ್ಟು. ಹನ್ನೆರಡನೆಯದು ಮುಗಿಸಿ ಪದವಿಗೆ ಸೇರಿದ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಆ ವರ್ಷ ತಪ್ಪಿದರೆ ಮುಂದೆ ಇಲ್ಲ. ಅಂದರೆ ನನ್ನ ಮೇಜಿನ ಮೇಲೆ ಆ ದಿನ ಕೂತಿದ್ದದ್ದು 36,000 ರೂಪಾಯಿ. ಗೋದಾಮಿನ ಲೆಕ್ಕದಲ್ಲಿ ಎರಡು ತಿಂಗಳ ಸಂಬಳ.

ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ಎಂಬುದು 2015ರಿಂದ ಇದೆ. ಕೊನೆಯ ದಿನ ಹತ್ತಿರ ಬಂದಾಗ ಅದು ದಾದರ್ ಸ್ಟೇಷನ್ನಿನ ಸಂಜೆ ಆರು ಗಂಟೆಯಂತೆ. ನಾವಿಬ್ಬರೂ ರಾತ್ರಿ ಊಟ ಮುಗಿಸಿ ಕೂತೆವು. ಅವಳು ಕಾಗದ ನೋಡಿ ಓದಿದಳು, ನಾನು ಒತ್ತಿದೆ. ಹನ್ನೊಂದೂವರೆಗೆ 'ಫೈನಲ್ ಸಬ್ಮಿಟ್' ಒತ್ತಿ, ಇಬ್ಬರೂ ಒಂದೊಂದು ಲೋಟ ಮಜ್ಜಿಗೆ ಕುಡಿದು ಮಲಗಿದೆವು.

ಮರುದಿನ ಅವಳ ಕಡತಕ್ಕೆ ಸೇರಿಸಲೆಂದು ಪ್ರಿಂಟ್ ತೆಗೆದಾಗ ಕಣ್ಣಿಗೆ ಬಿತ್ತು. ತಹಶೀಲ್ದಾರರ ಆದಾಯ ಪ್ರಮಾಣಪತ್ರದಲ್ಲಿ 2,16,000. ನಾನು ಒತ್ತಿದ್ದು 2,61,000.

ಈಗ ನಿಜ ಹೇಳುತ್ತೇನೆ. ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಹೇಗೂ ಮಿತಿ ನಾಲ್ಕೂವರೆ ಲಕ್ಷ, ಎರಡು ಅಂಕಿಗಳೂ ಅದರೊಳಗೇ ಇವೆ, ಕಡಿಮೆ ತೋರಿಸಿದ್ದರೆ ತಾನೇ ತಪ್ಪು, ಹೆಚ್ಚು ತೋರಿಸಿದರೆ ಯಾರು ಕೇಳುತ್ತಾರೆ ಎಂದೆಲ್ಲ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅಕ್ಕಿ ಆರಿಸುತ್ತಾ ಕೂತರೂ ಅದೇ. ಅಸಲಿಗೆ ನನಗೆ ಕಷ್ಟವಾಗಿದ್ದು ಆ ಹುಡುಗಿಯ ಅಮ್ಮನ ಮುಂದೆ 'ನಾನು ತಪ್ಪು ಒತ್ತಿದೆ' ಎನ್ನುವುದು. ಫಾರ್ಮ್ ಆಂಟಿ ಅಲ್ಲವೇ!

ಮೂರನೆಯ ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿಬಿಟ್ಟೆ. ಅವಳು ಬೈಯಲಿಲ್ಲ, ಅತ್ತೂ ಇಲ್ಲ. ಸಂಜೆ ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಬಂದಳು. ಅವನು ಫೋನ್ ಹಿಡಿದುಕೊಂಡೇ ಬಂದಿದ್ದ. 'ಆಂಟಿ, ಫಾರ್ಮ್ ತಿದ್ದಲು ಆಗದಿದ್ದರೆ ಸರ್ಟಿಫಿಕೇಟ್ ತಿದ್ದೋಣ. ಆರು ಮತ್ತು ಒಂದನ್ನು ಅದಲು ಬದಲು ಮಾಡಿ ಕಾಲೇಜಿಗೆ ಆ ಪ್ರಿಂಟ್ ಕೊಟ್ಟರಾಯಿತು, ಎರಡು ನಿಮಿಷದ ಕೆಲಸ' ಎಂದ. ತೋರಿಸಿಯೂ ಬಿಟ್ಟ. ಅಂಕಿಗಳು ಎಷ್ಟು ಅಂದವಾಗಿ ಕೂತಿದ್ದವೆಂದರೆ ತಹಶೀಲ್ದಾರರೇ ನೋಡಿದರೂ ತಮ್ಮದೇ ಎನ್ನುತ್ತಿದ್ದರು. ಹುಡುಗ ಕೆಟ್ಟವನಲ್ಲ. ಅಕ್ಕನ ಹಣ ಹೋಗಬಾರದೆಂಬ ಕಾಳಜಿ ಅಷ್ಟೇ. ಆದರೆ ನನಗೆ ಕೈಕಾಲು ತಣ್ಣಗಾಯಿತು. ಅಲ್ಲಿಯವರೆಗೆ ಇದ್ದದ್ದು ನನ್ನ ಕೈತಪ್ಪು. ಆ ಪ್ರಿಂಟ್ ಕಾಲೇಜಿಗೆ ಹೋದ ಕ್ಷಣದಿಂದ ಅದು ಸರ್ಕಾರಿ ಕಾಗದವನ್ನು ನಕಲಿ ಮಾಡಿದ ಅಪರಾಧ, ಅದೂ ಆ ಹುಡುಗಿಯ ಹೆಸರಿನಲ್ಲಿ. ಮಹಾರಾಷ್ಟ್ರದಲ್ಲಿ 'ಆಪ್ಲೆ ಸರ್ಕಾರ್' ಮೂಲಕ ಬರುವ ಪ್ರಮಾಣಪತ್ರಗಳ ಮೇಲೆ ಬಾರ್‌ಕೋಡ್ ಸಂಖ್ಯೆ ಇರುತ್ತದೆ, ಅದನ್ನು ಹಾಕಿ ಯಾರು ಬೇಕಾದರೂ ಅಸಲಿ ಪ್ರಮಾಣಪತ್ರ ನೋಡಬಹುದು. ಸಿಕ್ಕಿಬೀಳದೇ ಇದ್ದಿದ್ದರೂ ನಾನು ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ. ಅವನ ಕೈಯಿಂದಲೇ ಅದನ್ನು ಅಳಿಸಿದೆ. ಅಳಿಸಿದ್ದನ್ನು ಫೋನಿನ ಕಸದ ಬುಟ್ಟಿಯಿಂದಲೂ ತೆಗೆಸಿದೆ. ಅಷ್ಟು ನನಗೂ ಗೊತ್ತು.

ಆ ರಾತ್ರಿ ನನಗೆ ನನ್ನದೇ ಹಳೆಯ ಅರ್ಜಿಯೊಂದು ನೆನಪಾಯಿತು. 1989, ನಾನು ಬಿ.ಎ. ಓದುತ್ತಿದ್ದೆ. ಪ್ರತಿಭಾ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಹುಟ್ಟಿದ ದಿನಾಂಕದ ಜಾಗದಲ್ಲಿ ತಾರೀಖು, ತಿಂಗಳು ಸರಿಯಾಗಿ ಬರೆದು ಇಸವಿ ಮಾತ್ರ 1989 ಎಂದೇ ಬರೆದುಕೊಟ್ಟಿದ್ದೆ. ಆ ಲೆಕ್ಕದಲ್ಲಿ ನಾನು ಕೆಲವು ತಿಂಗಳ ಕೂಸು! ಮರುದಿನ ಹೋಗಿ ಹೇಳಿದಾಗ ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕು, ಅರ್ಜಿ ತೆಗೆದು ಮುಂದಿಟ್ಟರು. ನಾನು ಬಿಳಿ ಶಾಯಿ ಹಚ್ಚಲು ಹೊರಟರೆ ತಡೆದರು. 'ಮುಚ್ಚಬೇಡಮ್ಮ. ತಪ್ಪು ಕಾಣುವ ಹಾಗೆ ಒಂದೇ ಗೆರೆ ಎಳಿ, ಪಕ್ಕದಲ್ಲಿ ಸರಿಯಾದ್ದು ಬರಿ, ಸಹಿ ಹಾಕು' ಎಂದರು. ಅದರ ಮೇಲೆ ಪ್ರಿನ್ಸಿಪಾಲರ ಸಹಿ, ಸಿಕ್ಕೆ. ಅಷ್ಟೇ, ಮುಗಿಯಿತು.

ಕಂಪ್ಯೂಟರಿನಲ್ಲಿ ಗೆರೆ ಎಳೆಯಲು ಬರುವುದಿಲ್ಲ. ಆದರೆ ಗೆರೆ ಎಳೆಯುವ ಜಾಗ ಇದ್ದೇ ಇದೆ ಎಂದು ನನಗೆ ಗೊತ್ತಾಗಿದ್ದು ಮರುದಿನ, ಕಾಲೇಜಿನಲ್ಲಿ.

ನಿಮ್ಮ ಅರ್ಜಿ ಸಬ್ಮಿಟ್ ಆದ ಮೇಲೆ ಸೀದಾ ದೆಹಲಿಗೆ ಹೋಗುವುದಿಲ್ಲ. ಮೊದಲು ನಿಮ್ಮ ಕಾಲೇಜಿನ ನೋಡಲ್ ಅಧಿಕಾರಿಯ ಬಳಿ ನಿಲ್ಲುತ್ತದೆ. ಹೆಸರು ದೊಡ್ಡದಾದರೂ ಸಾಮಾನ್ಯವಾಗಿ ಅವರು ಆಫೀಸಿನ ಮೂಲೆಯಲ್ಲಿ ಕೂರುವ ಒಬ್ಬ ಗುಮಾಸ್ತರೋ, ಪಾಠದ ಜೊತೆಗೆ ಈ ಹೊರೆಯನ್ನೂ ಹೊತ್ತ ಒಬ್ಬ ಅಧ್ಯಾಪಕರೋ ಆಗಿರುತ್ತಾರೆ. ಅವರು ಕಾಗದಪತ್ರಗಳ ಜೊತೆ ತಾಳೆ ನೋಡಿ ಮುಂದಿನ ಹಂತಕ್ಕೆ ಕಳಿಸಬೇಕು. ತಾಳೆಯಾಗದಿದ್ದರೆ ಅವರ ಮುಂದೆ ಎರಡು ದಾರಿ. ಒಂದು 'ಡಿಫೆಕ್ಟ್', ಅಂದರೆ ತಿದ್ದಿಕೊಡು ಎಂದು ಕಾರಣ ಬರೆದು ವಿದ್ಯಾರ್ಥಿಗೇ ವಾಪಸು ಕಳಿಸುವುದು. ಇನ್ನೊಂದು 'ರಿಜೆಕ್ಟ್', ಅದಾದರೆ ಆ ವರ್ಷದ ಬಾಗಿಲು ಮುಚ್ಚಿದಂತೆ. ನೀವಾಗಿಯೇ ಹೋಗಿ ತಪ್ಪು ಹೇಳಿಕೊಂಡರೆ ಮೊದಲನೆಯದನ್ನು ಕೇಳಿ ಪಡೆಯಬಹುದು. ಅವರು ಗಮನಿಸದೆ ಮುಂದೆ ಕಳಿಸಿಬಿಟ್ಟರೆ ಅರ್ಜಿ ಅವರ ಕೈಯಿಂದಲೂ ಹೋಯಿತು. ಮೇಲಿನ ಹಂತದವರು ಹಿಡಿದರೆ ವಾಪಸು ಬರಬಹುದು, ಬರದೆಯೂ ಇರಬಹುದು. ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿಯಲ್ಲೂ ಹೀಗೆಯೇ, ಅಲ್ಲಿ ಇದನ್ನು 'ಸೆಂಡ್ ಬ್ಯಾಕ್' ಎನ್ನುತ್ತಾರೆ. ಆದ್ದರಿಂದ ಸಬ್ಮಿಟ್ ಆದ ನಂತರದ ಮೊದಲ ನಾಲ್ಕೈದು ದಿನಗಳೇ ಚಿನ್ನ. ನಾನು ಅದರಲ್ಲಿ ಎರಡು ದಿನವನ್ನು ನನ್ನ ಮರ್ಯಾದೆಗಾಗಿ ಖರ್ಚು ಮಾಡಿದ್ದೆ.

ಕೈಯಲ್ಲಿ ಒಂದು ಪತ್ರ ಹಿಡಿದೇ ಹೋಗಿದ್ದೆವು. ಬಾಯಲ್ಲಿ ಹೇಳಿದ್ದು ಆಫೀಸಿನ ಗದ್ದಲದಲ್ಲಿ ಹಾರಿಹೋಗುತ್ತದೆ. ಪತ್ರವನ್ನು ಬರೆದದ್ದು ಹುಡುಗಿ, ನಾನು ಬರೀ ಹೊಡೆದುಹಾಕಿದೆ. ಅವಳ ಮೊದಲ ಕರಡಿನಲ್ಲಿ ಇಂಟರ್ನೆಟ್ ನಿಧಾನವಾಗಿತ್ತು, ರಾತ್ರಿಯಾಗಿತ್ತು, ತಂದೆಗೆ ಹುಷಾರಿರಲಿಲ್ಲ ಎಂದೆಲ್ಲ ಇತ್ತು. ಅದೆಲ್ಲ ಯಾರಿಗೆ ಬೇಕು? ಕೊನೆಗೆ ಉಳಿದದ್ದು ಇಷ್ಟು: ಅರ್ಜಿಯ ಸಂಖ್ಯೆ, ಯೋಜನೆಯ ಹೆಸರು, ವರ್ಷ. ಆದಾಯದ ಕಾಲಮಿನಲ್ಲಿ ತಪ್ಪಾಗಿ 2,61,000 ಎಂದು ತುಂಬಿದೆ. ಸರಿಯಾದ ಮೊತ್ತ 2,16,000, ಪ್ರಮಾಣಪತ್ರದ ಪ್ರತಿ ಜೊತೆಗಿದೆ. ದಯವಿಟ್ಟು ತಿದ್ದಲು ಅರ್ಜಿ ವಾಪಸು ಕಳಿಸಿ. ಕೆಳಗೆ ಸಹಿ, ತಾರೀಖು, ಫೋನ್ ನಂಬರು. ಎರಡು ಪ್ರತಿ ಮಾಡಿ ಒಂದರ ಮೇಲೆ ಆಫೀಸಿನ ಇನ್‌ವರ್ಡ್ ಸಿಕ್ಕೆ ಹಾಕಿಸಿಕೊಂಡೆವು. ತಪ್ಪು ನಮ್ಮದು, ನಾವೇ ಬಂದು ಹೇಳಿದ್ದು ಇಂಥ ದಿನ ಎಂಬುದಕ್ಕೆ ಆ ಸಿಕ್ಕೆಯೇ ಸಾಕ್ಷಿ.

ಅಲ್ಲಿದ್ದವರು ಸ್ವಲ್ಪ ಗೊಣಗಿದರು. ಮರಾಠಿಯಲ್ಲಿ ಗೊಣಗುವುದಕ್ಕೆ ಒಂದು ಲಯವಿದೆ, ಮೂವತ್ತು ವರ್ಷದಲ್ಲಿ ನನಗದು ಅಭ್ಯಾಸವಾಗಿದೆ. ಆಮೇಲೆ ಅವಳ ಅರ್ಜಿಯನ್ನು ತೆರೆದು, 'ಈ ಕಟ್ಟು ನಾಳೆ ಕಳಿಸುವವನಿದ್ದೆ' ಎಂದರು.

ಸಂಜೆ ಹುಡುಗಿ ನನ್ನ ಮನೆಗೆ ಓಡಿ ಬಂದು ಅತ್ತಳು. ಅಷ್ಟು ದಿನ ಅಳದವಳು! ಏನೆಂದರೆ ಅವಳ ಹೆಸರಿನ ಎದುರು 'ಡಿಫೆಕ್ಟಿವ್' ಎಂದು ಬಂದಿತ್ತು. ನಾವೇ ಬೇಡಿ ಪಡೆದದ್ದು ಅದೇ ಎಂದು ತಿಳಿಸಿ ಹೇಳಬೇಕಾಯಿತು. ಹದಿನೆಂಟು ವರ್ಷದ ಮಗುವಿಗೆ ತೋರಿಸುವ ಪರದೆಯ ಮೇಲೆ ಇನ್ನೂ ಸ್ವಲ್ಪ ಮೆತ್ತಗಿನ ಪದ ಬಳಸಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಇರಲಿ.

ವಾಪಸು ಬಂದ ಅರ್ಜಿಯನ್ನು ತಿದ್ದುವುದಕ್ಕೂ ಒಂದು ಕೊನೆಯ ದಿನವಿರುತ್ತದೆ, ಅದು ಅರ್ಜಿ ಹಾಕುವ ಕೊನೆಯ ದಿನಕ್ಕಿಂತ ಬೇರೆ. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಅಂಕಿ ತಿದ್ದಿ 'ಸೇವ್' ಒತ್ತಿ ಎದ್ದುಬಿಟ್ಟರೆ ಅರ್ಜಿ ನಿಮ್ಮ ಬಳಿಯೇ ಉಳಿಯುತ್ತದೆ. ಮತ್ತೆ ಫೈನಲ್ ಸಬ್ಮಿಟ್ ಆಗಬೇಕು, ಕಾಲೇಜಿನವರು ಮತ್ತೆ ಪರಿಶೀಲಿಸಬೇಕು. ಹೀಗೆ ತಿದ್ದಿ, ಸಬ್ಮಿಟ್ ಮರೆತು, ಮಾರ್ಚಿಯವರೆಗೆ ಹಣಕ್ಕೆ ಕಾಯುತ್ತಾ ಕೂತ ಮಕ್ಕಳನ್ನು ನಾನು ಕಂಡಿದ್ದೇನೆ. ಇನ್ನು ಕೆಲವರು ಹೆದರಿ ಬೇರೆ ಮೊಬೈಲ್ ನಂಬರಿನಿಂದ ಎರಡನೆಯ ಅರ್ಜಿ ಹಾಕುತ್ತಾರೆ. ಒಬ್ಬರೇ ಎರಡು ಅರ್ಜಿ ಹಾಕಿದ್ದು ಗೊತ್ತಾದರೆ ಎರಡೂ ಹೋಗುವ ಅಪಾಯವಿದೆ. ಸಂಘಗಳ ಸಣ್ಣ ವಿದ್ಯಾರ್ಥಿವೇತನಗಳಲ್ಲೂ ಅಷ್ಟೇ. ಅರ್ಜಿಗಳನ್ನು ಜೋಡಿಸಿಡುವ ಕೆಲಸ ಮಾಡಿದ ಅನುಭವದಿಂದ ಹೇಳುತ್ತೇನೆ. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಅಂಕಗಳ ಅರ್ಜಿ ಬಂದರೆ ನಾವು ಎರಡನ್ನೂ ಪಕ್ಕಕ್ಕಿಡುತ್ತೇವೆ. 'ನಾನು 78 ಎಂದು ಬರೆಯಬೇಕಿತ್ತು, 87 ಎಂದು ಬರೆದಿದ್ದೇನೆ' ಎಂದು ಹೇಳಲು ಡೊಂಬಿವಲಿಯಿಂದ ಮಾಟುಂಗದವರೆಗೆ ಬಂದ ಹುಡುಗನ ಅರ್ಜಿಯ ಮೇಲೆ ಸಣ್ಣ ಚೀಟಿ ಅಂಟಿಸಿ ಅಲ್ಲೇ ಸರಿಮಾಡಿದ್ದೇವೆ. ಅವನಿಗೆ ಹಣ ಸಿಗಲಿಲ್ಲ, 78ಕ್ಕೆ ಆ ವರ್ಷ ಸಿಗುವಂತಿರಲಿಲ್ಲ. ಅದನ್ನೂ ಹೇಳಬೇಕಲ್ಲ.

ಎಲ್ಲರೂ ಇಷ್ಟು ಸುಲಭವಾಗಿ ಬಿಡುವುದಿಲ್ಲ. ನಮ್ಮ ಪರಿಚಯದ ಇನ್ನೊಬ್ಬ ಹುಡುಗ, ಬೇರೆ ಕಾಲೇಜು, ಇಂಥದೇ ತಪ್ಪು ಹೇಳಲು ಹೋದರೆ ಅಲ್ಲಿಯವರು ನೇರವಾಗಿ ರಿಜೆಕ್ಟ್ ಒತ್ತಿದರು. ಮರೆತು ಒತ್ತಿದರೋ ಬೇಸರಕ್ಕೋ ತಿಳಿಯದು. ಮೊದಲ ವರ್ಷವೇ ತಪ್ಪಿದ್ದರಿಂದ ಮೂರು ವರ್ಷದ್ದೂ ಹೋಯಿತು. ಅವನು ಪತ್ರ ಕೊಟ್ಟಿರಲಿಲ್ಲ, ಬಾಯಲ್ಲಿ ಹೇಳಿದ್ದ. ಪತ್ರ ಕೊಟ್ಟಿದ್ದರೆ ಉಳಿಯುತ್ತಿತ್ತೇ ಎಂದರೆ ನಾನು ಆಣೆ ಮಾಡಲಾರೆ. ಮೇಲಿನವರಿಗೆ ದೂರು ಕೊಡಲು ಕೈಯಲ್ಲಿ ಒಂದು ಕಾಗದವಾದರೂ ಇರುತ್ತಿತ್ತು.

ಬ್ರಿಟನ್ನಿನ ಚೀವ್ನಿಂಗ್‌ನಂಥ ವಿದೇಶದ ವಿದ್ಯಾರ್ಥಿವೇತನಗಳಿಗೆ ಹಾಕುವ ದೊಡ್ಡ ಮಕ್ಕಳಿಗೆ ಒಂದು ಮಾತು. ಅಲ್ಲಿ ಸಬ್ಮಿಟ್ ಮಾಡಿದ ಮೇಲೆ ಅರ್ಜಿ ತಿದ್ದಲು ಬಿಡುವುದಿಲ್ಲ. ಅಂಥವನ್ನು ಎರಡು ದಿನ ಮೊದಲೇ ಮುಗಿಸಿ, ಒಂದು ರಾತ್ರಿ ಮಲಗೆದ್ದು, ಬೇರೆಯವರ ಕಣ್ಣಿಗೂ ತೋರಿಸಿ ಕಳಿಸಿ.

ನಮ್ಮ ಹುಡುಗಿಯ ಕಥೆ ಆದಾಯಕ್ಕೆ ಮುಗಿಯಲಿಲ್ಲ. ಅರ್ಜಿಯನ್ನು ಮತ್ತೆ ತೆರೆದು, ಈ ಸಲ ಒಂದೊಂದು ಸಾಲಿಗೂ ಬೆರಳಿಟ್ಟು ನೋಡುವಾಗ ಹೆಸರಿನ ತೊಡಕು ಕಂಡಿತು. ಇದು ನಮ್ಮವರದೇ ತೊಡಕು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಮಹಾರಾಷ್ಟ್ರದಲ್ಲಿ ಎಲ್ಲ ಅರ್ಜಿಯಲ್ಲೂ ಮೂರು ಮನೆ: ಆಡನಾವ, ಸ್ವಂತ ಹೆಸರು, ತಂದೆಯ ಹೆಸರು. ಶೆಟ್ಟಿ, ಪೂಜಾರಿ, ಕೋಟ್ಯಾನ್, ಪಾಟೀಲ, ಕುಲಕರ್ಣಿ ಎಂದಿರುವವರಿಗೆ ಚಿಂತೆಯಿಲ್ಲ. ಹಳೇ ಮೈಸೂರಿನ ಕಡೆಯವರಾದ ನಮಗೆ ಆಡನಾವ ಎಲ್ಲಿಂದ ಬರಬೇಕು? ನಮಗಿರುವುದು ಇನಿಶಿಯಲ್. ಎಸ್. ಎಂದರೆ ಶಿವಮೊಗ್ಗವೋ ಶಂಕರಪ್ಪನವರೋ ಅಜ್ಜನನ್ನೇ ಕೇಳಬೇಕು. ಶಾಲೆಗೆ ಸೇರಿಸುವ ದಿನ ಗುಮಾಸ್ತರು ಕೇಳಿದಾಗ ಅಪ್ಪ ಗಾಬರಿಯಲ್ಲಿ ತನ್ನ ಹೆಸರನ್ನೋ ಊರಿನ ಹೆಸರನ್ನೋ ಆಡನಾವವೆಂದು ಹೇಳಿಬಿಡುತ್ತಾರೆ. ಅದೇ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಅಚ್ಚಾಗುತ್ತದೆ. ಆಧಾರ್‌ನಲ್ಲಿ ಹೆಸರು, ಅದರ ಮುಂದೆ ಎರಡು ಇನಿಶಿಯಲ್. ಬ್ಯಾಂಕಿನಲ್ಲಿ ಮೂರನೆಯ ಬಗೆ. ಒಬ್ಬಳೇ ಹುಡುಗಿ, ಕಾಗದದ ಮೇಲೆ ಮೂವರು.

ಇದನ್ನು ಅರ್ಜಿಯಲ್ಲಿ ತಿದ್ದಲು ಹೋಗಬೇಡಿ, ಆಗುವುದಿಲ್ಲ. ಅರ್ಜಿಯಲ್ಲಿ ಅಂಕಪಟ್ಟಿಯಂತೆ ಬರೆದರೆ ಆಧಾರ್ ಒಪ್ಪದು, ಆಧಾರ್‌ನಂತೆ ಬರೆದರೆ ಬೋರ್ಡ್ ಒಪ್ಪದು. ತಿದ್ದಬೇಕಾದದ್ದು ಬೇರಿನಲ್ಲಿ. ಅಂಕಪಟ್ಟಿಯನ್ನು ಮೂಲವೆಂದು ಇಟ್ಟುಕೊಂಡು ಆಧಾರನ್ನು ಅದಕ್ಕೆ ಹೊಂದಿಸುವುದೇ ಹೆಚ್ಚಿನವರಿಗೆ ಸುಲಭ. ಅಂಕಪಟ್ಟಿಯಲ್ಲೇ ಅಕ್ಷರ ತಪ್ಪಿದ್ದರೆ ಶಾಲೆಯ ಮೂಲಕ ಬೋರ್ಡಿಗೆ ಹೋಗಬೇಕು, ಅದು ದೀರ್ಘ ದಾರಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಹಾಗಾಗಿ ಕೇಂದ್ರದಲ್ಲಿ ಕೂತವರು ಒತ್ತುವ ಮೊದಲು ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ, ಅಕ್ಷರ ಅಕ್ಷರ ಓದಿ. ನಾಚಿಕೆ ಬೇಡ, ಹಿಂದಿನ ಸಾಲಿನವರು ಗೊಣಗಲಿ. 2024-25ರಿಂದ ಪೋರ್ಟಲಿನಲ್ಲಿ ಆಧಾರ್ ಆಧಾರದ ಮೇಲೆ ಹದಿನಾಲ್ಕು ಅಂಕಿಯ ಒಂದು ನೋಂದಣಿ ಸಂಖ್ಯೆ ಕೊಡುತ್ತಿದ್ದಾರೆ, ಓದು ಮುಗಿಯುವವರೆಗೂ ಅದೇ. ಅಲ್ಲಿಗೆ ಹೆಸರಿನ ಗೋಜಲನ್ನು ಮುಂದೂಡುವ ದಾರಿಯೂ ಮುಚ್ಚಿದಂತಾಯಿತು.

'ಡೊಮಿಸೈಲ್ ಸ್ಟೇಟ್' ಎಂಬ ಕಾಲಮಿನಲ್ಲೂ ನಮ್ಮ ಮಕ್ಕಳು ಎಡವುತ್ತಾರೆ. ಅಜ್ಜಿ ಮನೆ ಕರ್ನಾಟಕ, ಮಾತು ಕನ್ನಡ, ಆದ್ದರಿಂದ ಹೆಮ್ಮೆಯಿಂದ 'ಕರ್ನಾಟಕ' ಎಂದು ಆರಿಸಿಬಿಡುತ್ತಾರೆ. ಅಲ್ಲಿ ಕೇಳುತ್ತಿರುವುದು ನಿಮ್ಮ ಖಾಯಂ ವಿಳಾಸ ಇರುವ ರಾಜ್ಯ. ರಾಜ್ಯಗಳ ಮೂಲಕ ಹೋಗುವ ಯೋಜನೆಗಳಲ್ಲಿ ಅರ್ಜಿ ಹೋಗಿ ಬೀಳುವುದು ನೀವು ಆರಿಸಿದ ರಾಜ್ಯದ ಕಛೇರಿಯಲ್ಲಿ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳ ಅರ್ಜಿ ಬೆಂಗಳೂರಿನಲ್ಲಿ ಯಾರೂ ಕೇಳುವವರಿಲ್ಲದೆ ಕೂರುತ್ತದೆ. ಇದು ನೋಂದಣಿಯ ಹೊತ್ತಿನಲ್ಲೇ ಕೊಡುವ ವಿವರವಾದ್ದರಿಂದ ಆಮೇಲೆ ಬದಲಿಸುವುದು ಆದಾಯದ ಅಂಕಿಯಷ್ಟು ಸುಲಭವಲ್ಲ. ಕನ್ನಡದ ಅಭಿಮಾನ ತೋರಿಸಲು ರಾಜ್ಯೋತ್ಸವ ಇದೆ, ಆ ಕಾಲಮ್ ಬೇಡ.

ಬ್ಯಾಂಕಿನ ವಿಷಯ ಚಿಕ್ಕದಾಗಿ. ಹಣ ಬರುವುದು ಆಧಾರ್ ಮೂಲಕ, ಅಂದರೆ ನಿಮ್ಮ ಆಧಾರ್‌ಗೆ ನೇರ ಪಾವತಿಗಾಗಿ ಸೀಡ್ ಆಗಿರುವ ಖಾತೆಗೆ. ಒಂದು ಸಲಕ್ಕೆ ಅಂಥ ಖಾತೆ ಒಂದೇ ಇರುತ್ತದೆ. ಹಬ್ಬದ ಆಫರ್ ನೋಡಿ ಹೊಸ ಖಾತೆ ತೆರೆದು, ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ ಅದು ಅತ್ತ ಸರಿಯಬಹುದು. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕು ಎಂದು ನೋಡಲು ಬರುತ್ತದೆ. ಹಣ ಬರಲಿಲ್ಲವೆಂದು ಅಳುವ ಮೊದಲು ಅಲ್ಲಿ ಒಮ್ಮೆ ನೋಡಿ.

ಆ ವರ್ಷ ಹುಡುಗಿಯ ಹೆಸರು ಆಧಾರ್‌ನಲ್ಲಿ ಸರಿಯಾಗಿ, ತಿದ್ದಿದ ಅರ್ಜಿ ಮತ್ತೆ ಕಾಲೇಜಿನಿಂದ ಮುಂದೆ ಹೋಗಿ, ಹಣ ಬರುವಾಗ ಬೇಸಿಗೆ ರಜೆ ಮುಗಿಯುತ್ತಾ ಬಂದಿತ್ತು. ಅಷ್ಟರೊಳಗೆ ಎರಡನೆಯ ಸೆಮಿಸ್ಟರಿನ ಶುಲ್ಕ ಕಟ್ಟಬೇಕಾಗಿ ಅವಳಮ್ಮ ಒಂದು ಜೊತೆ ಬಳೆ ಅಡವಿಟ್ಟರು. ನಾನು ಕೊಡುತ್ತೇನೆಂದರೂ ತೆಗೆದುಕೊಳ್ಳಲಿಲ್ಲ. ಜೂನಿನಲ್ಲಿ ಬಿಡಿಸಿಕೊಂಡರು. ಬಡ್ಡಿ ಎಷ್ಟಾಯಿತೆಂದು ಕೇಳುವ ಧೈರ್ಯ ನನಗೆ ಇರಲಿಲ್ಲ.

ಈ ವಿದ್ಯಾರ್ಥಿವೇತನವನ್ನು ವರ್ಷ ವರ್ಷ ನವೀಕರಿಸಬೇಕು. 50 ಶೇಕಡಾ ಅಂಕ, 75 ಶೇಕಡಾ ಹಾಜರಿ ಬೇಕು. ಹಿಂದಿನ ವರ್ಷದ ತಪ್ಪು ತಿದ್ದದೇ ಬಿಟ್ಟಿದ್ದರೆ ಅದೇ ಪ್ರತಿ ವರ್ಷ ಬೆನ್ನು ಹತ್ತುತ್ತಿತ್ತು. ಮೂರನೆಯ ವರ್ಷದ ನವೀಕರಣಕ್ಕೂ ಹುಡುಗಿ ನನ್ನ ಊಟದ ಮೇಜಿಗೇ ಬಂದಳು. ಈ ಸಲ ಒತ್ತುವವಳು ಅವಳು, ಕಾಗದ ಓದುವವಳು ನಾನು. ಆದಾಯದ ಕಾಲಮಿಗೆ ಬಂದಾಗ ನಾನು ಮೊತ್ತ ಹೇಳಲು ಬಾಯಿ ತೆರೆದೆ. 'ಆಂಟಿ, ಒಂದೊಂದೇ ಅಂಕಿ ಹೇಳಿ' ಎಂದಳು. ಹೇಳಿದೆ. ಒತ್ತಿದ ಮೇಲೆ ಪ್ರಮಾಣಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಇನ್ನೊಮ್ಮೆ ನೋಡಿದಳು. ಸಬ್ಮಿಟ್ ಒತ್ತಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿ, 'ನಾಳೆ ಬೆಳಿಗ್ಗೆ ಬರುತ್ತೇನೆ' ಎಂದು ಮೇಲೆ ಹೋದಳು.